ಕೊನೆಯ ನಲವತ್ತು ಸೆಕೆಂಡು

ಮಾರ್ಚ್ 3, ಬೆಳಿಗ್ಗೆ 7

ಹಲ್ಲುಜ್ಜುವ ಮೊದಲೇ ಆಪ್ ತೆರೆದು ನೋಡಿದೆ. ಬುದ್ಧಿ ಬರುವುದಿಲ್ಲ ನನಗೆ. ನಮ್ಮ ಬ್ಯಾಂಡಿನ ಆಲ್ಬಮ್ ಬಿಡುಗಡೆಯಾಗಿ ಮೂರು ವಾರ. ಕೊನೆಯ ಹಾಡಿಗೆ ಹನ್ನೊಂದು ಪ್ಲೇ — ಏಳು ನಾನೇ. ಉಳಿದವರು ಅರ್ಧ ನಿಮಿಷಕ್ಕೇ ಜಾಗ ಖಾಲಿ ಮಾಡಿದ್ದಾರೆ. ಚಿಕ್ಕಮ್ಮನ ದನಿ ಬರುವುದು ಐದನೇ ನಿಮಿಷದಲ್ಲಿ. ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ತಲುಪಿಲ್ಲ.

ನಲವತ್ತೇ ಸೆಕೆಂಡು. ಹೊಲಿಗೆ ಮೆಷಿನ್ ತುಳಿಯುತ್ತಾ ಗುನುಗಿದ್ದು. ಗಂಟಲಿನ ಆಪರೇಷನ್‌ಗೆ ನಾಲ್ಕು ದಿನ ಮುಂಚೆ ಅವಳ ಅಂಗಡಿಯಲ್ಲೇ ರೆಕಾರ್ಡ್ ಮಾಡಿಕೊಂಡೆ. ಈಗ ಅವಳಿಗೆ ದನಿಯೇ ಇಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕಟಿಂಗ್ ಮೇಜಿನ ಮೇಲೆ ಬರೆದು ಮಾತಾಡುತ್ತಾಳೆ. ನನ್ನನ್ನು ಸಾಕಿದವಳು.

ನಿನ್ನೆ ಆ ಹಾಡು ಹಾಕಿ ಫೋನನ್ನು ಅವಳ ಕಿವಿಗೆ ಹಿಡಿದೆ. ತಳ್ಳಿದಳು. ಬರೆದಳು: ‘ಇದರಲ್ಲಿ ಬೇಡ. ಕೈಗೆ ಸಿಗೋ ಹಾಗೆ ಮಾಡು.’

ಮಾರ್ಚ್ 4

ಆಲ್ಬಮ್ಮನ್ನು ಗ್ರಾಮಫೋನ್ ಪ್ಲೇಟ್ ಮಾಡಿಸೋಣ ಅಂದೆ. ನಮ್ಮ ಡ್ರಮ್ಮರ್ ಜೊತೆ ಜಗಳ. “ಪ್ಲೇಟಾ? ಯಾರ ಮನೇಲಿ ಪ್ಲೇಯರ್ ಇದೆ ಈಗ? ತಲೆ ಕೆಟ್ಟಿದ್ಯಾ?”

“ಚಿಕ್ಕಮ್ಮನ ಅಂಗಡೀಲಿದೆ.”

“ಇನ್ನೂರಕ್ಕಿಂತ ಕಮ್ಮಿ ಅಚ್ಚು ಹಾಕಲ್ಲ ಅವರು. ಒಬ್ಬರಿಗೋಸ್ಕರ ಇನ್ನೂರು ಪ್ಲೇಟು?”

ಹೌದು ಅಂದೆ. ಆಮೇಲೆ ಕವರ್‌ಗೆ ಯಾವ ಬಣ್ಣ ಅಂತ ಅವನೇ ಕೇಳಿದ.

ಏಪ್ರಿಲ್ 9

ಪ್ಲೇಟ್ ಕಂಪನಿಯಿಂದ ಸ್ಯಾಂಪಲ್ ಬಂತು, ಜೊತೆಗೊಂದು ಕಾಗದ. ಕೇಳಿ ಒಪ್ಪಿಗೆ ಕೊಟ್ಟರೆ ಉಳಿದವನ್ನು ಅಚ್ಚು ಹಾಕುತ್ತಾರಂತೆ. ಎಲ್ಲಿ ಕೇಳಲಿ? ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ; ಅವಳ ಪ್ಲೇಯರ್‌ನಲ್ಲಿ ಹಾಕಿದರೆ ಗುಟ್ಟು ರಟ್ಟು. ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲೇ ಆಲ್ಬಮ್ ಪೂರ್ತಿ ಕೇಳಿದೆ. ಅದೇ ಹಾಡು ತಾನೆ. ‘ಓಕೆ’ ಅಂತ ಮೆಸೇಜ್ ಹಾಕಿದೆ.

ಮೇ 11, ಸಂಜೆ

ಪೆಟ್ಟಿಗೆಗಳು ಬಂದವು. ಒಂದನ್ನು ಬಿಚ್ಚಿ ನೇರ ಅಂಗಡಿಗೆ ಓಡಿದೆ. ಚಿಕ್ಕಮ್ಮ ಕೈ ಒರೆಸಿಕೊಂಡು ಪ್ಲೇಟನ್ನು ಅಂಚಿನಲ್ಲಿ ಹಿಡಿದಳು. ತಾನೇ ಸೂಜಿ ಇಟ್ಟಳು. ಹೊಲಿಸಲು ಬಂದವರನ್ನೆಲ್ಲ ಆಮೇಲೆ ಬನ್ನಿ ಅಂತ ಸನ್ನೆ ಮಾಡಿ ಕಳಿಸಿದಳು. ಎರಡೂ ಬದಿ, ಒಂದೂ ಹಾಡು ಬಿಡದೆ.

ಕೊನೆಯ ಹಾಡು. ಗಿಟಾರ್ ಮೆಲ್ಲಗಾಯಿತು... ಇನ್ನೂ ಮೆಲ್ಲಗೆ... ಮುಗಿಯಿತು. ಸೂಜಿ ಬರೀ ಕರಕರ ಅನ್ನುತ್ತಿತ್ತು. ಅವಳು ಕಾಯುತ್ತಲೇ ಇದ್ದಳು. ಆಮೇಲೆ ಬರೆದಳು: ‘ನಂದೆಲ್ಲಿ?’

ಸೂಜಿ ಹಾಳಾಗಿದೆ ಅಂದೆ. ಸುಳ್ಳು ಹೇಳಿ ಓಡಿ ಬಂದೆ. ಥೂ.

ಸ್ಯಾಂಪಲ್ ಜೊತೆ ಬಂದ ಕಾಗದ ಹುಡುಕಿ ಈಗ ಓದಿದೆ. ‘ಎರಡನೇ ಬದಿ ಉದ್ದವಾಯಿತು. ಕೊನೆಯ ಹಾಡನ್ನು ಮೆಲ್ಲಗೆ ಇಳಿಸಿ ಮೊಟಕು ಮಾಡಿದ್ದೇವೆ. ಕೇಳಿ ತಿಳಿಸಿ.’ ಕೇಳಿ ತಿಳಿಸಿ! ಇನ್ನೂರು ಪ್ಲೇಟು. ಒಂದರಲ್ಲೂ ಅವಳಿಲ್ಲ. ಯಾರ ಮೇಲೆ ಹರಿಹಾಯಲಿ? ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು.

ಮೇ 12, ಬೆಳಿಗ್ಗೆ 11, ಅಂಗಡಿಯಲ್ಲಿ

ಎಲ್ಲ ಹೇಳಿಬಿಟ್ಟೆ. ಚಿಕ್ಕಮ್ಮ ಸೀಮೆಸುಣ್ಣ ಎತ್ತಿಕೊಂಡಳು. ಬರೆದಳು: ‘ಟ್ರಯಲ್ ನೋಡಲಿಲ್ವಾ?’

ಹಾಕಿಕೊಂಡು ನೋಡದೆ ಒಂದು ಬಟ್ಟೆಯೂ ಈ ಅಂಗಡಿಯಿಂದ ಹೊರಗೆ ಹೋಗಿಲ್ಲ. ನಾನು ಇಲ್ಲೇ, ಈ ಮೇಜಿನ ಕೆಳಗೇ ಆಡಿ ಬೆಳೆದವಳು. ಅಳು ಬಂತು. ಅತ್ತುಬಿಟ್ಟೆ.

ಅಳು ಮುಗಿಯುವ ತನಕ ಕಾದಳು. ಮೇಜು ಒರೆಸಿ ಮತ್ತೆ ಬರೆದಳು: ‘ಕಮ್ಮಿ ಬಿದ್ದರೆ ತುಂಡು ಸೇರಿಸ್ತೀವಿ. ಫೋನ್ ತೆಗಿ.’

ಪ್ಲೇಯರ್ ಪಕ್ಕದಲ್ಲೇ ಫೋನ್ ಇಟ್ಟಿದ್ದೇನೆ. ಹಾಡನ್ನು ಐದನೇ ನಿಮಿಷಕ್ಕೆ, ಅವಳ ದನಿ ಶುರುವಾಗುವಲ್ಲಿಗೆ, ತಂದು ನಿಲ್ಲಿಸಿದ್ದೇನೆ. ಪ್ಲೇಟ್ ತಿರುಗುತ್ತಿದೆ. ಅವಳು ಮೆಷಿನ್ ಮುಂದೆ ಕೂತಿದ್ದಾಳೆ, ಬಟ್ಟೆ ಇಲ್ಲದೆ. ಗಿಟಾರ್ ಇಳಿಯುತ್ತಿದೆ. ಬೆರಳು ಫೋನಿನ ಮೇಲಿದೆ, ತಡವಾಗಬಾರದು — ನಾನು ಒತ್ತುವ ಮೊದಲೇ ಅವಳ ಕಾಲು ಮೆಷಿನ್ ತುಳಿಯಲು ಶುರು ಮಾಡಿದೆ.