ಅಂಧೇರಿಯ ಗೋಡೆಗೆ ಹಕ್ಕಿಗಳು

ಆಂಟಾಪ್ ಹಿಲ್, ಮುಂಬಯಿ
ಬುಧವಾರ, ೨೭ ಮೇ ೨೦೨೬

ಪ್ರೀತಿಯ ಹರಿಣಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಬೆನ್ನುನೋವು ಈಗ ಹೇಗಿದೆ? ಅಂಧೇರಿಯ ಹೊಸ ಮನೆಯ ಲಿಫ್ಟ್ ಆಗಾಗ ಕೆಡುತ್ತದೆ ಎಂದಿದ್ದೆಯಲ್ಲ. ತರಕಾರಿ ಚೀಲ ಹೊತ್ತುಕೊಂಡು ನಾಲ್ಕು ಮಾಳಿಗೆ ಹತ್ತಬೇಡ. ಹಿತೇಶನೂ ಕ್ಷೇಮವಾಗಿರಬಹುದು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ, ಮಾವನ ಶುಗರ್ ಹತೋಟಿಯಲ್ಲಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಗಳು ಯಾವಾಗಲೂ ನನ್ನ ಮಗ್ಗುಲಲ್ಲೇ ಇರುತ್ತಾಳೆ. ಕಾಗದವಾದರೆ ಅವಳ ಎದುರಿಗೇ ಬರೆಯಬಹುದು, ಯಕ್ಷಿತಾಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ. ಈಗಲೂ ಪಕ್ಕದಲ್ಲಿ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದಾಳೆ. ನಾಳೆ ಮಾವ ವಡಾಲಾದಿಂದ ಲೋಕಲ್ ಹಿಡಿದು ನಿನ್ನ ಆಫೀಸಿಗೆ ಬರುತ್ತಾರೆ. ಅವರ ಕೈಯಲ್ಲಿ ಒಂದು ದೊಡ್ಡ ಕಟ್ಟು ಇರುತ್ತದೆ. ಅದರೊಳಗೆ ಏನಿದೆ ಎಂದು ಹೇಳುವುದಕ್ಕೆ ಈ ಕಾಗದ.

ಹೋದ ವಾರ ನೀನು ವಿಡಿಯೊ ಕಾಲ್ ಮಾಡಿ ಮಗುವಿಗೆಂದು ಸಿದ್ಧ ಮಾಡಿದ ರೂಮು ತೋರಿಸಿದೆ. ಮಂಚ, ಕಪಾಟು, ಬಿಳಿ ಗೋಡೆ. ಅವಳು ನಗುತ್ತಲೇ ನೋಡಿದಳು. ನೀನು ಫೋನ್ ಇಟ್ಟ ಮೇಲೆ, “ಅಜ್ಜಿ, ಅದು ಹಾಸ್ಪಿಟಲ್ ಥರ ಉಂಟು. ನಾನು ಅಲ್ಲಿ ಮಲಗೋದಿಲ್ಲ” ಎಂದಳು. ಅವಳು ನೋಡಿದ ಆಸ್ಪತ್ರೆ ಒಂದೇ. ಅವಳ ಅಪ್ಪ, ನನ್ನ ಸುಕೇಶ, ಕೊನೆಗೆ ಮಲಗಿದ್ದದ್ದು. ಆ ಮಾತು ಕೇಳಿ ನನಗೆ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಅವನು ಹೋದಂದಿನಿಂದ ನನ್ನೊಳಗೆ ಜೋಮು ಹಿಡಿದ ಹಾಗಿದೆ, ಚಿವುಟಿದರೂ ತಿಳಿಯುವುದಿಲ್ಲ. ಎದ್ದು ಅಕ್ಕಿ ತೊಳೆದಿಟ್ಟೆ. ಆಮೇಲೆ, “ಗೋಡೆಗೆ ನಾವೇ ಏನಾದರೂ ಮಾಡುವ, ಬಾ” ಎಂದೆ.

ಬಾಡಿಗೆ ಮನೆ, ಮೊಳೆ ಹೊಡೆಯುವ ಹಾಗಿಲ್ಲ ಎಂದಿದ್ದೆಯಲ್ಲ, ಆದ್ದರಿಂದ ಎಲ್ಲವನ್ನೂ ಟೇಪಿಗೆ ನಿಲ್ಲುವಷ್ಟು ಹಗುರವಾಗಿ ಮಾಡಿದ್ದೇವೆ. ಎದುರುಮನೆಯ ಪ್ರಫುಲ್ಲಾ ಮಗಳ ಹಳೆಯ ಪ್ಲಾಸ್ಟಿಕ್ ಬಳೆಗಳನ್ನೂ ಸ್ವೆಟರ್ ಹೆಣೆದು ಉಳಿದ ಉಣ್ಣೆಯನ್ನೂ ಕೊಟ್ಟಳು. ಬಳೆಗಳಿಗೆ ಉಣ್ಣೆ ಸುತ್ತಿ, ಒಂದರ ಕೆಳಗೊಂದು ಕಟ್ಟಿ, ತುದಿಗೆ ಗೊಂಡೆ ಬಿಟ್ಟಿದ್ದೇವೆ. ಮಾವ ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ತಂದು ಮರದ ಆಕಾರಕ್ಕೆ ಕತ್ತರಿಸಿಕೊಟ್ಟರು. ಒಂದು ಕೊಂಬೆ ಮುರಿಯಿತು, ಹಿಂದಿನಿಂದ ಅಂಟಿಸಿದ್ದೇವೆ, ಕಾಣುವುದಿಲ್ಲ. ಎಲೆಗಳು ನನ್ನ ಹಸಿರು ಕಾಟನ್ ಸೀರೆಯವು. “ಅತ್ತೆ, ಇದನ್ನು ಇನ್ನು ಉಡಬೇಡಿ ಮಾರಾಯ್ರೆ” ಎಂದು ನೀನು ಹಿಂದೆ ಬೀಳುತ್ತಿದ್ದೆಯಲ್ಲ, ಅದೇ ಸೀರೆ. ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಹಳೇ ಬಟ್ಟೆಯೂ ಕಾಗದದ ಹಾಗೆ ಸೆಟೆದು ನಿಲ್ಲುತ್ತದೆ.

ಮರ ಆಯಿತು, ಹಕ್ಕಿ ಬೇಕು ಎಂದಳು. ಯಾರು ಯಾರೋ ಕೊಟ್ಟ ಮದುವೆ ಆಮಂತ್ರಣಗಳು ಕಪಾಟಿನ ಮೇಲೆ ಒಂದು ಚೀಲದಲ್ಲಿದ್ದವು. ದಪ್ಪ ಕಾಗದ, ಬಣ್ಣ ಚೆನ್ನಾಗಿರುತ್ತದೆ. ಚೀಲವನ್ನೇ ಅವಳ ಮುಂದೆ ಸುರಿದೆ. ಅವಳು ಆರಿಸಿ ಆರಿಸಿ ಕೆಂಪು ಬಣ್ಣದ ಒಂದನ್ನು ಎತ್ತಿಕೊಂಡು, “ಅಜ್ಜಿ, ಇದರ ಗೋಲ್ಡ್ ಅಚ್ಛಾ ಹೈ. ಕಿಸ್‌ಕಾ ಹೈ?” ಎಂದಳು. ನೋಡಿದರೆ ನಿನ್ನದೂ ಸುಕೇಶನದೂ.

“ಪಪ್ಪ ಮಮ್ಮಿದು” ಎಂದೆ.

“ಪಪ್ಪನ ಹೆಸರು ಕಿಧರ್?”

ತೋರಿಸಿದೆ. ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಮುಖ ನೋಡಿ, “ಕಟ್ ಮಾಡ್ಲಾ?” ಎಂದಳು. “ಮಾಡು” ಎಂದೆ. ಅವನ ಹೆಸರು ಸರಿಯಾಗಿ ರೆಕ್ಕೆಯ ಮೇಲೆ ಬರುವಂತೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ಅವಸರ ಮಾಡದೆ ಕತ್ತರಿಸಿದಳು. ನಿನ್ನ ಹೆಸರು ಬಾಲದ ಹತ್ತಿರ ಉಳಿಯಿತು. ಕೆಳಗೆ ಅಚ್ಚಾಗಿದ್ದ ನಮ್ಮಿಬ್ಬರ ಹೆಸರು ಚೂರಾಗಿ ನೆಲಕ್ಕೆ ಬಿತ್ತು. ಅಳು ಬರುತ್ತದೇನೋ ಎಂದು ಕಾದೆ. ಮೇಲೆ ಫ್ಯಾನ್ ತಿರುಗುತ್ತಿತ್ತು, ಚೂರುಗಳು ಅತ್ತಿತ್ತ ಹಾರುತ್ತಿದ್ದವು, ಅಷ್ಟೇ.

ಮಾವ ಚಾ ಲೋಟ ಕೆಳಗಿಟ್ಟು, “ಅದನ್ನು ಯಾಕೆ ಕೊಟ್ಟದ್ದು?” ಎಂದರು.

“ಮತ್ತೆ ಯಾರಿಗೆ ಕೊಡುವುದು?” ಎಂದೆ.

ಅವರು ಎದ್ದು ಚೂರುಗಳನ್ನು ತಾವೇ ಗುಡಿಸಿದರು.

ಗಮ್ ಹಚ್ಚುವಾಗ ಮಗು, “ಹಿತೇಶ್ ಅಂಕಲ್ ಗುಸ್ಸಾ ಮಾಡ್ತಾರಾ?” ಎಂದು ಕೇಳಿದಳು. “ಇಲ್ಲ, ಸಿಟ್ಟು ಮಾಡುವುದಿಲ್ಲ” ಎಂದುಬಿಟ್ಟೆ. ಆ ಹುಡುಗನ ಬಗ್ಗೆ ನನಗೇನು ಗೊತ್ತು? ನಿಮ್ಮಿಬ್ಬರ ಮದುವೆಯಾದ ಮೇಲೂ ಅವನ ಜೊತೆ ನಾನು ನೆಟ್ಟಗೆ ಎರಡು ಮಾತಾಡಿದವಳಲ್ಲ. ಇನ್ನು ನನ್ನ ಮಾತನ್ನು ಉಳಿಸುವುದು ನಿಮ್ಮ ಕೈಯಲ್ಲಿದೆ. ಆ ಹಕ್ಕಿಯನ್ನು ಬೇರೆಯಾಗಿ ಪೇಪರಿನಲ್ಲಿ ಸುತ್ತಿದ್ದೇನೆ. ಗೋಡೆಗೆ ಹಾಕಲು ಮನಸ್ಸಾಗದಿದ್ದರೆ ಎಸೆಯಬೇಡ, ವಾಪಸು ಕಳಿಸು. ನನಗೆ ಬೇಸರವಾಗುವುದಿಲ್ಲ. ಬೇಸರ ಪಡುವುದಕ್ಕೂ ಒಳಗೆ ಏನಾದರೂ ಇರಬೇಕಲ್ಲ.

ಮರವನ್ನು ತಲೆದಿಂಬಿನ ಕಡೆಗೂ ಬಳೆಗಳನ್ನು ಕಿಟಕಿಯ ಹತ್ತಿರವೂ ಹಾಕಬೇಕಂತೆ, ಮಗಳ ಆರ್ಡರು. ಟೇಪು ಅಂಟಿಸುವ ಮೊದಲು ಗೋಡೆಯನ್ನು ಒಣ ಬಟ್ಟೆಯಲ್ಲಿ ಒರೆಸು. ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ಸುಖವಾಗಿರಿ, ಮಗಾ.

ನಿನ್ನ ಅತ್ತೆ
ವಿನೋದಿನಿ

ಮರೆತಿದ್ದೆ: ಯಕ್ಷಿತಾಳನ್ನು ಚೌತಿ ಕಳೆದ ಮೇಲೆ ಕರೆದೊಯ್ಯುವುದೆಂದು ಮಾತಾಗಿತ್ತಲ್ಲ, ಅಲ್ಲಿಯವರೆಗೆ ಕಾಯಬೇಡ. ಶಾಲೆ ಶುರುವಾಗುವ ಮೊದಲೇ, ಈ ಭಾನುವಾರವೇ ಬಾ. ಹಿತೇಶನನ್ನು ಕೆಳಗೆ ಟ್ಯಾಕ್ಸಿಯಲ್ಲಿ ಕೂರಿಸಿ ಬರಬೇಡ, ಅವನೂ ಮೇಲೆ ಬಂದು ಊಟ ಮಾಡಲಿ. ಮಾವನೂ ಹೂಂ ಎಂದಿದ್ದಾರೆ. ನಿನ್ನೆ ಎಲೆ ಅಂಟಿಸುತ್ತ ಮಗು ತಲೆ ಎತ್ತದೆ ನನ್ನನ್ನು “ಮಮ್ಮಿ” ಎಂದು ಕರೆದಳು. ನಾನು ತಿದ್ದಲಿಲ್ಲ, “ಎಂತ ಮಗಾ” ಎಂದೆ. ಅದಕ್ಕೇ ಹೇಳುವುದು, ಬೇಗ ಬಾ.