ನಾನು ಓಡಿಸುತ್ತಿದ್ದ ಕಾರಿಗೆ ನಾನೇ ಅಡ್ಡ ಬಂದ ಬಗ್ಗೆ

ಅಪಘಾತ ಹೊಣೆ ನಿಗದಿ ಕಚೇರಿಯ ಮಾನ್ಯ ಅಧಿಕಾರಿಗಳೇ,

ತಾವು ಕಳಿಸಿದ ಮೂರನೆಯ ನೋಟಿಸು ಕೈಸೇರಿದೆ. ಅದರ ಪ್ರಕಾರ ಕಳೆದ ಜನವರಿ ಹನ್ನೆರಡರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಹನೂರು ತಾಲ್ಲೂಕಿನ ಬಂಡಳ್ಳಿ ರಸ್ತೆಯಲ್ಲಿ, ರುದ್ರಸ್ವಾಮಿ ಎಂಬ ಪಾದಚಾರಿ ಚಲಿಸುತ್ತಿದ್ದ ಕಾರಿಗೆ ಏಕಾಏಕಿ ಅಡ್ಡ ಬಂದು, ಕಾರು ತಾನಾಗಿ ಬ್ರೇಕ್ ಹಾಕುವಂತೆ ಮಾಡಿ, ಹಿಂದೆ ಬರುತ್ತಿದ್ದ ಮೊಪೆಡ್ ಸವಾರನ ಕಾಲು ಮುರಿಯಲು ಕಾರಣನಾಗಿದ್ದಾನೆ. ಆ ಕಾರಿನ ಸ್ಟೇರಿಂಗ್ ಹಿಂದೆ ಕೂತಿದ್ದವನ ಹೆಸರೂ ರುದ್ರಸ್ವಾಮಿ ಎಂದು ಅದೇ ನೋಟಿಸಿನ ಎರಡನೆಯ ಪುಟದಲ್ಲಿದೆ. ಆ ರುದ್ರಸ್ವಾಮಿಯೂ ನಾನೇ, ಈ ರುದ್ರಸ್ವಾಮಿಯೂ ನಾನೇ. ಅಂದರೆ ಕಾರು ಓಡಿಸುತ್ತಿದ್ದ ನಾನು ಕೆಳಗಿಳಿದು, ಕಾರಿಗಿಂತ ಮುಂದೆ ಓಡಿ, ಅದಕ್ಕೆ ಅಡ್ಡ ನಿಂತು, ಮತ್ತೆ ಬಂದು ಸೀಟಿನಲ್ಲಿ ಕೂತಿದ್ದೇನೆ. ಅರವತ್ತಾರನೆಯ ವಯಸ್ಸಿನಲ್ಲಿ, ಎರಡೂ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಗಂಡನಿಗೆ ಇಷ್ಟು ಚುರುಕು ಎಲ್ಲಿಂದ ಬಂತು ಎಂದು ನನ್ನ ಹೆಂಡತಿ ಸುವರ್ಣಮ್ಮ ನೋಟಿಸನ್ನು ಎರಡು ಸಲ ಓದಿಸಿಕೊಂಡು ಕೇಳಿದ್ದಾಳೆ.

ನನ್ನ ದೂರು ಇಷ್ಟೇ. ಈ ಅಪಘಾತಕ್ಕೆ ನಾನೇ ಹೊಣೆ ಎಂದು ಒಪ್ಪಿಕೊಳ್ಳಲು ಐದು ತಿಂಗಳಿಂದ ತಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೇನೆ. ಚಾಲಕನಾಗಿ ಒಪ್ಪಿಕೊಳ್ಳುತ್ತೇನೆ ಎಂದರೆ ತಾವು ಬಿಡುತ್ತಿಲ್ಲ. ಪಾದಚಾರಿಯಾಗಿ ಒಪ್ಪಿಕೋ ಎನ್ನುತ್ತೀರಿ, ಅದು ಸುಳ್ಳು, ನನ್ನಿಂದಾಗದು. ಈ ಹಗ್ಗಜಗ್ಗಾಟದಲ್ಲಿ ಕಾಲು ಮುರಿದುಕೊಂಡ ಸತ್ತೇಗಾಲದ ಪುಟ್ಟಮಾದಪ್ಪ ಮನೆ ಜಗಲಿಯ ಮೇಲೆ ಕೂತೇ ಇದ್ದಾನೆ. ಅವನು ತೆಂಗಿನ ಮರ ಹತ್ತಿ ಕಾಯಿ ಕೆಡಹುವವನು. ಮಳೆಗಾಲ ಕಳೆಯುವುದರೊಳಗೆ ಎರಡನೇ ಆಪರೇಷನ್ ಆಗದಿದ್ದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಆಮೇಲೆ ಮರ ಹತ್ತುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಆಪರೇಷನ್ನಿಗೆ ಬೇಕಾದ ವಿಮೆಯ ಕಾಗದ ಹೊರಡಬೇಕಾದರೆ ತಮ್ಮ ನಮೂನೆಯಲ್ಲಿ ‘ಹೊಣೆಗಾರನ ಹೆಸರು’ ಎಂಬ ಕಲಂ ತುಂಬಿರಬೇಕು. ಅದು ಇವತ್ತಿಗೂ ಖಾಲಿ ಇದೆ.

ನಾನು ಕೊಳ್ಳೇಗಾಲ ತಾಲ್ಲೂಕು ಮುಳ್ಳೂರಿನವನು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಬೆಟ್ಟದ ತಿರುವುಗಳಲ್ಲಿ, ಜಾತ್ರೆಯ ಜನದ ನಡುವೆ, ಬ್ರೇಕ್ ಇದೆಯೋ ಇಲ್ಲವೋ ಎಂದು ಅನುಮಾನವಾಗುವ ಬಸ್ಸುಗಳಲ್ಲಿ ಓಡಾಡಿಯೂ ಒಂದು ಕೋಳಿಯ ಪ್ರಾಣ ತೆಗೆದವನಲ್ಲ. ಅದಕ್ಕೆ ಬೆಳ್ಳಿ ಪದಕ ಕೊಟ್ಟಿದ್ದಾರೆ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ, ಸ್ವಲ್ಪ ಜಂಬಕ್ಕೂ ಬರೆಯುತ್ತಿದ್ದೇನೆ.

ರಸ್ತೆಯ ಮೇಲೆ ಒಕ್ಕಣೆ ಮಾಡುವುದು ಕಾನೂನಿಗೆ ವಿರುದ್ಧ ಎಂದು ತಾವು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ವಿರುದ್ಧವೇ. ಆದರೂ ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿ ಗಿಡ ಕಿತ್ತು ತಂದು ಡಾಂಬರಿನ ಮೇಲೆ ಹರಡುತ್ತಾರೆ, ಬಂದ ಗಾಡಿಗಳೆಲ್ಲ ತುಳಿದುಕೊಂಡು ಹೋಗುತ್ತವೆ, ಸಂಜೆಗೆ ಕಾಳು ಬಿಡಿಸಿಕೊಂಡಿರುತ್ತದೆ. ನನ್ನ ಬಸ್ಸು ಕಂಡರೆ ಹೆಂಗಸರು ಕೈ ಬೀಸುತ್ತಿದ್ದುದು ಹತ್ತುವುದಕ್ಕಲ್ಲ. “ಸಾ, ವಸಿ ಬಲಗಡೀಕೆ ಬನ್ನಿ ಸಾ, ಆ ಕಡೆ ಇನ್ನೂ ತುಳ್ದಿಲ್ಲ” ಅನ್ನುವುದಕ್ಕೆ. ಈ ರಸ್ತೆಯಲ್ಲಿ ಗಾಡಿ ಓಡಿಸುವ ಯಾರನ್ನು ಕೇಳಿದರೂ ಒಂದು ನಿಯಮ ಹೇಳುತ್ತಾರೆ: ಹುರುಳಿಯ ಮೇಲೆ ಬ್ರೇಕ್ ಹಾಕಬಾರದು. ಗಿಡದ ಅಡಿಯಲ್ಲಿ ಕಾಳು ಉರುಳುತ್ತಿರುತ್ತದೆ, ಬ್ರೇಕ್ ಹಾಕಿದವನು ಜಾರುತ್ತಾನೆ. ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ, ಸ್ಟೇರಿಂಗ್ ಅಲ್ಲಾಡಿಸದೆ, ನಿಧಾನಕ್ಕೆ ದಾಟಿಬಿಡಬೇಕು. ಹಿಂದೆ ಬರುವವನಿಗೂ ಇದು ಗೊತ್ತು. ಮುಂದಿನವನು ನಿಲ್ಲಿಸುವುದಿಲ್ಲ ಎಂಬ ನಂಬಿಕೆಯಲ್ಲೇ ಅವನೂ ಬರುತ್ತಿರುತ್ತಾನೆ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂದು ತಾವು ಮೊದಲ ನೋಟಿಸಿನಲ್ಲಿ ಪುಟ್ಟಮಾದಪ್ಪನ ಮೇಲೆ ಹಾಕಲು ಹೋಗಿ ಮೂರೇ ವಾರದಲ್ಲಿ ಕೈಬಿಟ್ಟಿರಿ. ಆ ಮಟ್ಟಿಗೆ ತಮಗೆ ನನ್ನ ಕೃತಜ್ಞತೆಗಳು.

ಇನ್ನು ಆ ಪಾದಚಾರಿಯ ಪೂರ್ವಾಪರ ಕೇಳಿ. ಬಂಡಳ್ಳಿಯ ಚೆನ್ನಯ್ಯ ಎಂಬ ರೈತ ನನಗೆ ಹಳೆಯ ಪರಿಚಯ. ಬೈಕಿನವರು ಜೋರಾಗಿ ಬಂದು ಅವನು ಹರಡಿದ ಹುರುಳಿಯನ್ನು ಚರಂಡಿಗೆ ಎರಚಿ ಹೋಗುತ್ತಿದ್ದರು. ಅದಕ್ಕೆ ಹೊಲದಲ್ಲಿದ್ದ ಬೆರ್ಚಪ್ಪನನ್ನು, ಅಂದರೆ ಹಕ್ಕಿ ಬೆದರಿಸುವ, ಮಡಕೆ ತಲೆಯ ಹುಲ್ಲಿನ ಬೊಂಬೆಯನ್ನು, ರಸ್ತೆಯ ಅಂಚಿಗೆ ತಂದು ನಿಲ್ಲಿಸಬೇಕೆಂದು ಯೋಚಿಸಿ ನಮ್ಮ ಮನೆಗೆ ಬಂದ. “ನಿಮ್ದೊಂದು ಹಳೇ ಕಾಕಿ ಅಂಗಿ ಕೊಡಿ ಸಾ. ಕಾಕಿ ಕಂಡ್ರೆ ಬೈಕ್ ಐಕ್ಳು ವಸಿ ಅದರ್ತವ” ಅಂದ. ಎದೆಯ ಮೇಲಿನ ಹೆಸರಿನ ಪಟ್ಟಿ, ನಂಬರಿನ ಬಿಲ್ಲೆ ಬಿಚ್ಚಿ ಕೊಡೋಣವೆಂದು ಕತ್ತರಿ ತಂದೆ. “ಬ್ಯಾಡಿ ಸಾ, ಇರ್ಲಿ. ಬಸ್ ಡ್ರೈವರ್‌ಗಳು ನಿಮ್ಮೆಸ್ರು ನೋಡಿ ಮರ್ಯಾದೇಲಿ ಓಯ್ತರ” ಅಂದ. ಆ ಮಾತು ನನಗೆ ಹಿತವಾಯಿತು. ಕತ್ತರಿಯನ್ನು ಒಳಗಿಟ್ಟುಬಿಟ್ಟೆ. ಹೆಸರು, ಬಿಲ್ಲೆ ಸಮೇತ ನಾನು ರಸ್ತೆ ಬದಿಯಲ್ಲಿ ನಿಂತದ್ದು ಹೀಗೆ.

ಕಾರು ನನ್ನ ಮಗಳು ನಾಗಶ್ರೀಯದು. ಯಳಂದೂರಿನಲ್ಲಿ ಹೈಸ್ಕೂಲ್ ಟೀಚರು. ಅವತ್ತು ಹನೂರಿನ ನೆಂಟರ ಮನೆಗೆ ಹೊರಟಿದ್ದೆವು. ಹೊಸ ಕಾರು, ತಾನೇ ನೋಡುತ್ತದೆ, ತಾನೇ ನಿಧಾನ ಮಾಡುತ್ತದೆ, ತಾನೇ ನಿಲ್ಲುತ್ತದೆ. ನನ್ನನ್ನು ಸ್ಟೇರಿಂಗ್ ಹಿಂದೆ ಕೂರಿಸಿ ಪಕ್ಕದಲ್ಲಿ ಕೂತು ಪಾಠ ಮಾಡಿದಳು.

“ಅಪ್ಪಾಜಿ, ಕೈ ಸುಮ್ನೆ ಇಟ್ಕಂಡಿರಿ ಸಾಕು. ಯಾರಾದ್ರು ಅಡ್ಡ ಬಂದ್ರೆ ಅದೇ ನಿಲ್ಲುಸ್ತದೆ.”

“ಹಂಗಾದ್ರೆ ನನಗೇನವ್ವ ಕೆಲ್ಸ?”

“ನಿಮ್ಗೆ ಜವಾಬ್ದಾರಿ ಅಪ್ಪಾಜಿ. ಪುಸ್ತಕದಲ್ಲಿ ಹಂಗೇ ಬರ್ದವ್ರೆ.”

ಚೆನ್ನಯ್ಯನ ಹುರುಳಿ ಬಂತು. ನಾನು ಕನ್ನಡಿ ನೋಡಿದೆ. ಹಿಂದೆ ಮೊಪೆಡ್ಡಿನಲ್ಲಿ ಪುಟ್ಟಮಾದಪ್ಪ, ಹೆಗಲಲ್ಲಿ ಮರ ಹತ್ತುವ ಹಗ್ಗ, ಬಂಡಳ್ಳಿಯ ಯಾವುದೋ ತೋಟಕ್ಕೆ ಹೊರಟಿದ್ದ. ಮುಂದೆ ನನ್ನ ಅಂಗಿ. “ನಾಗು, ಅಲ್ನೋಡು, ನಿಮ್ಮಪ್ಪ ಅಲ್ಲೂ ಡ್ಯೂಟಿ ಮಾಡ್ತಾವ್ನೆ” ಅಂದು ನಕ್ಕೆ. ಆಗ ಗಾಳಿಗೆ ಅಂಗಿಯ ತೋಳು ರಸ್ತೆಯ ಕಡೆಗೆ ಎದ್ದಿತು. ಕಾರಿನ ಪರದೆಯ ಮೇಲೆ ಕೆಂಪು ಮನುಷ್ಯನೊಬ್ಬ ಮೂಡಿದ. ಹುರುಳಿಯ ನಟ್ಟನಡುವೆ ಕಾರು ಗಕ್ಕನೆ ನಿಂತಿತು. ಪುಟ್ಟಮಾದಪ್ಪ ಬೇರೆ ದಾರಿಯಿಲ್ಲದೆ ಬ್ರೇಕ್ ಹಿಡಿದ, ಕಾಳಿನ ಮೇಲೆ ಜಾರಿದ, ಅವನ ಬಲಗಾಲು ನಮ್ಮ ಕಾರಿನ ಹಿಂದಿನ ಚಕ್ರಕ್ಕೆ ಸಿಕ್ಕಿ ಎರಡು ಕಡೆ ಮುರಿಯಿತು. ನಾನು ಕೆಳಗಿಳಿದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎರಡೂ ಕೈಯಲ್ಲಿ ಅವನನ್ನು ಹಿಡಿದಿದ್ದರಿಂದ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಆಗಲಿಲ್ಲ. ಮಗಳು ತೆಗೆದಳು.

ಆಮೇಲೆ ಶುರುವಾಯಿತು ನೋಡಿ. ಅಪಘಾತ ಆದದ್ದು ಹನೂರು ತಾಲ್ಲೂಕು, ಕಾರಿನ ಒಡತಿ ಯಳಂದೂರು ತಾಲ್ಲೂಕು, ನಾನು ಕೊಳ್ಳೇಗಾಲ ತಾಲ್ಲೂಕು. ನಾನು ಸರ್ವೀಸಿನಲ್ಲಿ ಸುತ್ತಿದ್ದಕ್ಕಿಂತ ಹೆಚ್ಚಿಗೆ ಕಡತ ಸುತ್ತಿದೆ. ಕಾರಿನ ಕಂಪನಿಯವರು ಎರಡು ಪುಟದ ಉತ್ತರ ಕೊಟ್ಟರು. ಮೊದಲ ಪುಟ: ಈ ವ್ಯವಸ್ಥೆ ಚಾಲಕನ ಸಹಾಯಕ ಮಾತ್ರ, ಹೊಣೆ ಎಂದೆಂದಿಗೂ ಚಾಲಕನದೇ. ಎರಡನೆಯ ಪುಟ: ಆ ಒಂದೂ ಮುಕ್ಕಾಲು ಸೆಕೆಂಡಿನಲ್ಲಿ ಚಾಲಕನ ಕಾಲು ಯಾವ ಪೆಡಲಿನ ಮೇಲೂ ಇರಲಿಲ್ಲ, ವಾಹನ ವ್ಯವಸ್ಥೆಯ ಹಿಡಿತದಲ್ಲಿತ್ತು, ವ್ಯವಸ್ಥೆ ಅತ್ಯುತ್ತಮವಾಗಿ ಕೆಲಸ ಮಾಡಿ ಒಂದು ಅಮೂಲ್ಯ ಜೀವ ಉಳಿಸಿದೆ. ಜೊತೆಗೆ ಜೀವ ಉಳಿಸಿದ್ದಕ್ಕೆ ನನ್ನ ಮಗಳಿಗೊಂದು ಅಭಿನಂದನಾ ಪತ್ರ, ಕಾರು ತೆಗೆದ ಫೋಟೋ ಒಂದು. ಫೋಟೋದಲ್ಲಿ ಕಾಕಿ ಅಂಗಿ, ಎದೆಯ ಮೇಲೆ ನನ್ನ ಹೆಸರು. ಮುಖ ಮಸುಕಾಗಿದೆ, ಏಕೆಂದರೆ ಅದು ಮಡಕೆ.

ತಾವು ಎರಡು ಪುಟವನ್ನೂ ಓದಿದಿರಿ, ಎರಡನ್ನೂ ಒಪ್ಪಿದಿರಿ. ಫೋಟೋದಲ್ಲಿದ್ದ ಹೆಸರನ್ನು ಪಾದಚಾರಿಯ ಕಲಮಿಗೆ ಇಳಿಸಿ, ಆ ಒಂದೂ ಮುಕ್ಕಾಲು ಸೆಕೆಂಡು ನಾನು ಚಾಲಕನಲ್ಲ ಎಂದು ಷರಾ ಬರೆದಿರಿ. ಸ್ವಾಮಿ, ಹಾಗಾದರೆ ಚಾಲಕ ಯಾರು? ಕಾರೇ ಚಾಲಕ ಎಂದಾದರೆ ಅದರ ಲೈಸೆನ್ಸ್ ಎಲ್ಲಿ? ನನಗೆ ಲೈಸೆನ್ಸ್ ಕೊಡುವಾಗ ಮೈದಾನದಲ್ಲಿ ಎಂಟು ಹಾಕಿಸಿದರು, ಕಾಲು ಒಮ್ಮೆ ತಪ್ಪಿದ್ದಕ್ಕೆ ಇನ್ನೊಂದು ತಿಂಗಳು ಬಿಟ್ಟು ಬಾ ಎಂದರು. ಈ ಕಾರು ಯಾವ ಮೈದಾನದಲ್ಲಿ ಎಂಟು ಹಾಕಿತು? ನನಗೆ ವಯಸ್ಸಾಯಿತೆಂದು ಡಾಕ್ಟರ ಸರ್ಟಿಫಿಕೇಟ್ ಕೇಳುತ್ತೀರಿ. ಮಡಕೆಯನ್ನು ಮನುಷ್ಯನೆಂದು ತಿಳಿದ ಕಣ್ಣಿಗೆ ಸರ್ಟಿಫಿಕೇಟ್ ಕೊಟ್ಟ ಡಾಕ್ಟರು ಯಾರು? ಅದೇ ಹನ್ನೊಂದು ಗಂಟೆಗೆ ಬೆರ್ಚಪ್ಪನ ತಲೆಯ ಮೇಲೆ ಒಂದು ಕಾಗೆ ಕೂತಿತ್ತು. ಕಾಗೆಗೆ ಗೊತ್ತಾಗಿತ್ತು.

ಎರಡನೆಯ ನೋಟಿಸಿನಲ್ಲಿ ಪಾದಚಾರಿಯನ್ನು ತಪ್ಪದೆ ಹಾಜರುಪಡಿಸಬೇಕೆಂದು ಬರೆದಿದ್ದಿರಿ. ಆಜ್ಞೆಯಂತೆ ನಾನೂ ಚೆನ್ನಯ್ಯನೂ ಅವನನ್ನು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಕರೆತಂದೆವು. ಕಂಡಕ್ಟರ್ ಬಾಯಲ್ಲಿ ಪೆನ್ನು ಕಚ್ಚಿಕೊಂಡು ಒಂದು ಸಲ ನೋಡಿ, “ಬೆರ್ಚಪ್ಪುನ್ನ ಇಂದಿನ್ ಸೀಟ್ಗಾಕಿ ಸಾ, ಉಲ್ಲು ಉದುರ್ತದ” ಅಂದ. ತಮ್ಮ ಕಚೇರಿಯಲ್ಲಿ ಗುಮಾಸ್ತರು ತಲೆ ಎತ್ತದೆ, “ಪಾದಚಾರಿ ರುದ್ರಸ್ವಾಮಿ ಬಂದಿದ್ದಾರಾ?” ಎಂದು ಕೂಗಿದರು. “ಬಂದವ್ರ ಸಾ” ಎಂದು ಚೆನ್ನಯ್ಯ ಅವನನ್ನು ಕುರ್ಚಿಗೆ ಒರಗಿಸಿದ. ಹಾಜರಿ ಬಿತ್ತು. ಸಹಿಗೆ ಪುಸ್ತಕ ತಳ್ಳಿದರು, ಸ್ವಲ್ಪ ಹೊತ್ತು ಕಾದರು, ‘ಸಹಿ ಹಾಕಲು ನಿರಾಕರಿಸಿದ್ದಾರೆ’ ಎಂದು ಬರೆದುಕೊಂಡರು. ತಾವು ಕಡತದಲ್ಲೇ ಕಣ್ಣಿಟ್ಟು, “ನಿಮ್ಮ ವಯಸ್ಸಿನವರಿಗೆ ಇದು ಶೋಭೆಯಲ್ಲ” ಎಂದು ಬುದ್ಧಿ ಹೇಳಿದಿರಿ. ನನಗೆ ಹೇಳಿದ್ದೋ ಅವನಿಗೆ ಹೇಳಿದ್ದೋ ಎಂದು ನಾವಿಬ್ಬರೂ ಸುಮ್ಮನಿದ್ದೆವು. ಮೂರನೆಯ ನೋಟಿಸಿನಲ್ಲಿ ‘ಪಾದಚಾರಿಯು ವಿಚಾರಣೆಯುದ್ದಕ್ಕೂ ಮೌನ ವಹಿಸಿ ಅಸಹಕಾರ ತೋರಿದ್ದಾರೆ’ ಎಂಬ ಸಾಲು ಓದಿದಾಗ ತಿಳಿಯಿತು, ಅವನಿಗೆ. ಹೋಗುವಾಗ ಅಂಗಿಯನ್ನು ಸಾಕ್ಷಿಗೆಂದು ಬಿಚ್ಚಿಸಿಕೊಂಡಿರಿ. ಆಗಲೂ ಯಾರೂ ತಲೆ ಎತ್ತಲಿಲ್ಲ.

ಇದೆಲ್ಲ ನಗುವ ಮಾತು. ನಗಲಾರದ ಮಾತು ಅದೇ ದಿನ ನಡೆಯಿತು. ಪುಟ್ಟಮಾದಪ್ಪನನ್ನು ಅವನ ಭಾವಮೈದ ಎತ್ತಿಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದ. ಕಾರು ಓಡಿಸುತ್ತಿದ್ದವರು ಯಾರು ಎಂದು ತಾವು ಕೇಳಿದಿರಿ. ನಾನು ಕೈ ಮುಗಿದು ಕಣ್ಣಲ್ಲೇ ಹೇಳಿದೆ, ನನ್ನ ಹೆಸರು ಹೇಳು ಮಾರಾಯ ಎಂದು. ಅವನು ನನ್ನನ್ನೇ ನೋಡಿದ.

“ರುದ್ರಸ್ವಾಮಪ್ಪೋರು ಓಡುಸ್ತಿದ್ರೆ ಇಂಗಾಯ್ತಿರ್ನಿಲ್ಲ ಸಾ. ಅವರ್ ಬಸ್ಸಿಂದೆ ಇಪ್ಪತ್ ವರ್ಸ ಬಂದಿವ್ನಿ. ಅವ್ರು ಉರುಳಿ ಮ್ಯಾಲೆ ಬ್ರೇಕಾಕವ್ರಲ್ಲ.”

ತಾವು ಬರೆದುಕೊಂಡಿರಿ: ‘ಗಾಯಾಳುವಿನ ಹೇಳಿಕೆಯಂತೆ ರುದ್ರಸ್ವಾಮಿ ಕಾರು ಓಡಿಸುತ್ತಿರಲಿಲ್ಲ.’ ಅವನು ನನಗೆ ಕೊಟ್ಟ ಮರ್ಯಾದೆ ಅವನದೇ ಕಾಲಿಗೆ ಮುಳುವಾಯಿತು. ಪದಕ ತೊಡಿಸಿದ ದಿನ ನನ್ನ ಕಣ್ಣಲ್ಲಿ ನೀರು ಬಂದಿರಲಿಲ್ಲ. ಅವತ್ತು ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಆದ್ದರಿಂದ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಹೌದು, ನನ್ನ ಕಾಲು ಪೆಡಲಿನ ಮೇಲೆ ಇರಲಿಲ್ಲ. ಬಲಗಾಲನ್ನು ಮಡಿಸಿ ಸೀಟಿನ ಮೇಲೆ ಇಟ್ಟುಕೊಂಡಿದ್ದೆ, ಮನೆಯ ಜಗಲಿಯಲ್ಲಿ ಕೂತ ಹಾಗೆ. ಸ್ಟೇರಿಂಗ್ ಹಿಂದೆ ಹಾಗೆ ಕೂತದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಕನ್ನಡಿಯಲ್ಲಿ ಪುಟ್ಟಮಾದಪ್ಪನನ್ನು ಕಂಡಿದ್ದೆ. ಕಾಲಡಿ ಹುರುಳಿ ಇದೆ ಎಂದು ಗೊತ್ತಿತ್ತು. ಆಕ್ಸಿಲರೇಟರ್ ಒತ್ತಿದ್ದರೆ ಕಾರು ನನ್ನ ಮಾತು ಕೇಳುತ್ತಿತ್ತು, ಪುಸ್ತಕದಲ್ಲಿ ಅದೂ ಇದೆ. ಆ ಹೊತ್ತಿನಲ್ಲಿ ನಾನು ನನ್ನ ಹೆಸರನ್ನು ನೋಡಿಕೊಂಡು ಹಿಗ್ಗುತ್ತಿದ್ದೆ. ಕಾರು ತಿಳಿಯದೆ ನಿಲ್ಲಿಸಿತು, ನಾನು ತಿಳಿದೂ ಸುಮ್ಮನೆ ಕೂತೆ. ತಿಳಿಯದ್ದನ್ನು ರಸ್ತೆಗೆ ಬಿಟ್ಟು ‘ಎಲ್ಲ ಅದೇ ನೋಡಿಕೊಳ್ಳುತ್ತದೆ’ ಎಂದು ಮಾರಿದವರ ಪಾಲು ಎಷ್ಟು ಎಂಬುದನ್ನು ತಾವು ಆಮೇಲೆ ವಿರಾಮವಾಗಿ ಲೆಕ್ಕ ಹಾಕಿ, ಅವರನ್ನು ಸುಮ್ಮನೆ ಬಿಡಬೇಡಿ. ಆದರೆ ಅದು ಮುಗಿಯುವ ತನಕ ಒಬ್ಬನ ಮೂಳೆ ಕಾಯುವುದಿಲ್ಲ.

ನನ್ನ ಬೇಡಿಕೆ ಒಂದೇ. ಹದಿನೈದು ದಿನದೊಳಗೆ ಆ ಖಾಲಿ ಕಲಮಿನಲ್ಲಿ ‘ಚಾಲಕ, ರುದ್ರಸ್ವಾಮಿ’ ಎಂದು ಬರೆಯಿರಿ. ಪದಕ ವಾಪಸ್ ಕೇಳಿದರೆ ಕೊಡುತ್ತೇನೆ, ಲೈಸೆನ್ಸನ್ನು ಈ ಪತ್ರದ ಜೊತೆಗೇ ಲಗತ್ತಿಸಿದ್ದೇನೆ. ಹಾಗೆ ಬರೆಯಲು ನಿಯಮವಿಲ್ಲ ಎನ್ನುವುದಾದರೆ ಕಾರನ್ನು ಸತ್ತೇಗಾಲಕ್ಕೆ ಕರೆದುಕೊಂಡು ಹೋಗಿ, ಪುಟ್ಟಮಾದಪ್ಪನ ಜಗಲಿಯ ಮುಂದೆ ನಿಲ್ಲಿಸಿ, ತಪ್ಪಾಯಿತು ಎಂದು ಅದರಿಂದ ಹೇಳಿಸಿ. ನಾನು ಹೋಗಿ ಹೇಳಿ ಬಂದಿದ್ದೇನೆ. “ಬುಡಿ ಸಾ ಅತ್ಲಾಗೆ. ಕಾಲೊಂದು ನೆಟ್ಗಾಗ್ಲಿ, ನಿಮ್ಮ ಮನೆ ಕಾಯ ನಾನೇ ಕೆಡಗ್ತೀನಿ. ಬ್ಯಾರೆಯವ್ರ್‌ನ ಅತ್ತಿಸ್ಬ್ಯಾಡಿ” ಅಂದ.

ಹತ್ತಿಸಿಲ್ಲ. ನಮ್ಮ ಮನೆಯ ಹಿಂದೆ ಆರು ಮರಗಳಿವೆ. ಐದು ತಿಂಗಳಿಂದ ಯಾರೂ ಹತ್ತದೆ ಕಾಯಿ ಬಲಿತು, ಒಣಗಿ, ಒಂದೊಂದಾಗಿ ತಾನೇ ಬೀಳುತ್ತಿದೆ. ಹಿತ್ತಲಿಗೆ ಹೋಗುವಾಗ ಸುವರ್ಣಮ್ಮ ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಹೋಗುತ್ತಾಳೆ. ನಾಳೆ ಯಾರ ತಲೆಯ ಮೇಲಾದರೂ ಕಾಯಿ ಬಿದ್ದರೆ ಹೊಣೆಗಾರ ಯಾರೆಂದು ತಮ್ಮ ಕಚೇರಿ ಹುಡುಕುವುದು ಬೇಡ. ಅಲ್ಲೂ ನನ್ನ ಹೆಸರೇ ಬರೆದುಕೊಳ್ಳಿ.

ಇಂತಿ,
ಎರಡು ಕುರ್ಚಿಯಲ್ಲಿ ಹಾಜರಿದ್ದೂ ಒಂದರಲ್ಲೂ ತಪ್ಪೊಪ್ಪಿಕೊಳ್ಳಲಾಗದ,
ಎಂ. ರುದ್ರಸ್ವಾಮಿ
ನಿವೃತ್ತ ಬಸ್ ಚಾಲಕ, ಮುಳ್ಳೂರು
(ಬಿಲ್ಲೆ ಸಂಖ್ಯೆಗೆ ತಮ್ಮ ವಶದಲ್ಲಿರುವ ಅಂಗಿಯನ್ನು ನೋಡುವುದು)