ಗುಬ್ಬಿಯ ಚಪ್ಪಟೆ ಪಾದ

ಈಜುಕೊಳದ ಕೋಣೆ,
ಮಂಗಳವಾರ, ಸಂಜೆ

ಗುಬ್ಬಿಯ ಅಮ್ಮನಿಗೆ,

ನಿನ್ನ ಅಕ್ಕನ ಜ್ವರ ಇಳಿಯಿತೇ? ಅವರ ಆರೈಕೆಯಲ್ಲಿ ನೀನು ಊಟ ಮರೆಯಬೇಡ; ನಿನಗೆ ಮರೆಯಲು ನೆಪ ಬೇಕಷ್ಟೆ. ನಾನೂ ಮಗಳೂ ಹೇಗೋ ಇದ್ದೇವೆ. ನಾನು ಮಾಡಿದ ಅನ್ನ ಒಂದು ದಿನ ಅಂಟು, ಒಂದು ದಿನ ಕಲ್ಲು. ಫೋನಿನಲ್ಲಿ ಹೇಳಹೋದರೆ ತೊದಲುತ್ತೇನೆಂದು ಬರೆಯುತ್ತಿದ್ದೇನೆ.

ಮಗಳ ಪಾದದ ವಿಷಯದಲ್ಲಿ ನನ್ನ ತಲೆ ಗೊಂದಲದ ಗೂಡಾಗಿದೆ. ವರ್ಷವಿಡೀ ಶೂ ಒಳಗೆ ಮೆತ್ತೆ ಇಟ್ಟದ್ದಾಯಿತು, ಗೋಡೆಗೆ ಕೈಯೂರಿ ಮೀನಖಂಡ ಎಳೆಯುವ ವ್ಯಾಯಾಮವೂ ಆಯಿತು. ಶಾಲೆಯ ಮೆಟ್ಟಿಲಲ್ಲಿ ಅವಳು ಇನ್ನೂ ಕಂಬಿ ಹಿಡಿದು ನಿಲ್ಲುತ್ತಾಳೆ. ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಎರಡೂ ಪಾದ ಚಪ್ಪಟೆ, ಹಿಮ್ಮಡಿ ಮೂಳೆ ಕೊಯ್ದು ನಡುವೆ ಮೂಳೆಯ ತುಂಡೊಂದನ್ನು ಕೂರಿಸಿ ಅಂಗಾಲಿನ ಕಮಾನು ಎತ್ತೋಣ, ಒಂದು ಕಾಲಾದ ಮೇಲೆ ಇನ್ನೊಂದು ಎಂದರು. ಇನ್ನೊಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಇವಳನ್ನು ತುದಿಗಾಲಲ್ಲಿ ನಿಲ್ಲಿಸಿದರು. ನಿಂತ ಕೂಡಲೇ ಅಂಗಾಲಲ್ಲಿ ಕಮಾನು ಮೂಡಿತು. ಇದು ಬಾಗುವ ಪಾದ, ಇಂಥದ್ದರಲ್ಲೇ ಎಷ್ಟೋ ಜನ ಆರಾಮಾಗಿ ನಡೆಯುತ್ತಾರಂತೆ. "ಚಪ್ಪಟೆ ಇದೆ ಅಂತ ಆಪರೇಷನ್ ಮಾಡಲ್ಲ, ನೋವು ಹೋಗದಿದ್ರೆ ಮಾಡ್ತೀವಿ" ಎಂದರು. ನೋವಿದೆಯಾ ಎಂದು ಕೇಳಿದರೆ ನಮ್ಮ ಮಹಾರಾಣಿ ಭುಜ ಕುಣಿಸಿದಳು. ದೊಡ್ಡಾಸ್ಪತ್ರೆಯಲ್ಲಿ ಹೂಂ ಎಂದಿದ್ದವಳು ಇಲ್ಲಿ ಹೂಂ ಇಲ್ಲ, ಉಹೂಂ ಇಲ್ಲ.

ಅತ್ತ ದರಿ, ಇತ್ತ ಪುಲಿ. ಈಗ ಕೊಳದ ಅಂಚು ಒರೆಸುವಾಗ ನನ್ನ ಕಣ್ಣು ಬರೀ ಒದ್ದೆ ಹೆಜ್ಜೆಗಳ ಮೇಲೆ. ನಿನ್ನೆ ಪೂರ್ತಿ ಚಪ್ಪಟೆಯಾದ ಹೆಜ್ಜೆಯೊಂದನ್ನು ಹಿಂಬಾಲಿಸಿದೆ. ನೋಡಿದರೆ ನಮ್ಮ ಈಜು ಕಲಿಸುವವನದು, ದಿನವಿಡೀ ನಿಂತೇ ಇರುವ ಮನುಷ್ಯ. ನೋವಿಲ್ಲವಾ ಎಂದೆ. "ಎಲ್ಲಿ?" ಎಂದ. ಸರಿ, ಆಪರೇಷನ್ ಬೇಡವೆಂದುಕೊಂಡು ಮನೆಗೆ ಬಂದರೆ ಮಗಳು ಶೂ ಕೂಡ ಬಿಚ್ಚದೆ ಮಂಚದ ಮೇಲೆ ಮುದುರಿದ್ದಳು. ನಾನು ಯಾರನ್ನು ನಂಬಲಿ? ನೀನಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ.

ಅಕ್ಕನಿಗೆ ನಮಸ್ಕಾರ ಹೇಳು. ಬೇಗ ಎದ್ದು, ಮೊದಲಿನ ಹಾಗೆ ನನ್ನನ್ನು ಬೈಯಲಿ.

ನಿನ್ನ,
ಗುಬ್ಬಿಯ ಅಪ್ಪ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಗುಬ್ಬಿ ಶಾಲೆಯಿಂದ ನೇರ ಇಲ್ಲಿಗೇ ಬಂದು, ಕಾಗದ ಕಿತ್ತುಕೊಂಡು ಓದಿದಳು. "ನೋಯೋದು ಎಡಗಾಲು ಒಂದೇ ಅಪ್ಪಾ. ಬಲಗಾಲು ಯಾರಿಗೇನು ಮಾಡಿದೆ?" ಎಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೋವು ಅಂದ್ರೆ ಎರಡನ್ನೂ ಕೊಯ್ತಾರೆ, ಇಲ್ಲ ಅಂದ್ರೆ ಎಡಗಾಲನ್ನೂ ಬಿಟ್ಬಿಡ್ತಾರೆ" ಅಂತೆ. ಯಾರೂ ಯಾವ ಕಾಲು ಎಂದು ಕೇಳಿಯೇ ಇರಲಿಲ್ಲ, ನೋಡು. ಕೂಡಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮುಂದಿನ ವಾರ ಎಡಗಾಲನ್ನು ಮತ್ತೆ ನೋಡಿ, ಬೇಕೆನಿಸಿದರೆ ಅದೊಂದಕ್ಕೇ ಆಪರೇಷನ್ ಮಾಡುತ್ತಾರಂತೆ. ಭಯ ಆಗಲ್ವಾ ಎಂದು ಇವಳನ್ನು ಕೇಳಿದೆ. "ಆಗುತ್ತೆ. ಅಮ್ಮನ್ನ ಬಾ ಅಂತ ಬರಿ" ಎಂದಳು. ಬರೆದಿದ್ದೇನೆ. ಬಾ.